ಮರಳು

ಮಂಡಕ್ಕಿ ಭಟ್ಟಿಗಳ ಹಿಂದಿನ ರಸ್ತೆ, ಮಹಡಿಯ ಮೇಲೊಂದು ಕೋಣೆ,
ನಮ್ಮ ಕೇಬಲ್ ಆಫೀಸು.
ನಲವತ್ತೆರಡು ರೌಟರುಗಳು ನನ್ನ ಪಾಲಿಗೆ:
ನಿಟ್ಟುವಳ್ಳಿಗೆ ಹನ್ನೊಂದು, ಆವರಗೆರೆಗೆ ಆರು,
ಬಾತಿ ಗುಡ್ಡದ ಕೆಳಗೆ ಒಂದು, ಅದಕ್ಕೆ ಮಾತು ತಡ.

ಹೇಗಿದ್ದೀಯ ಅಂದರೆ
ಹೀಗಿದ್ದೇನೆ ಅನ್ನುವುದಿಲ್ಲ ಒಂದೂ,
ಹುಟ್ಟಿದ ಲಾಗಾಯ್ತಿನಿಂದ ಶುರು:
ಯಾವ ಕಂಪನಿ, ಎದ್ದು ಎಷ್ಟು ದಿನ,
ಎಷ್ಟು ನುಂಗಿತು, ಎಷ್ಟು ಉಗುಳಿತು.
ಇಪ್ಪತ್ನಾಲ್ಕು ಸಾಲಿಗೊಮ್ಮೆ ನಿಂತು
‘ಮೋರ್?’ ಎನ್ನುತ್ತದೆ,
ಮದುವೆ ಪಂಕ್ತಿಯಲ್ಲಿ ಸಾರಿನ ಬಕೀಟು ಹಿಡಿದವರ ಹಾಗೆ.
ಸ್ಪೇಸು ಒತ್ತಬೇಕು. ಒತ್ತಿದೆ. ಎರಡು ವರ್ಷ ಒತ್ತಿದೆ.
ಆ ಕೀಲಿಯ ಎಡಮೂಲೆ ಸವೆದು ಕನ್ನಡಿ.

ಶ್ರಾವಣದ ಒಂದು ರಾತ್ರಿ ಸ್ಕ್ರಿಪ್ಟು ಬರೆದೆ.
ಮೊದಲ ಸಾಲೇ: ಇನ್ನು ನನ್ನನ್ನು ಕೇಳಬೇಡ, ಸುರಿ.
ಎರಡನೆಯದು: ಬಾಗಿಲು ತೆರೆಯುವ ತನಕ ಕಾಯಿ,
ಹತ್ತು ಸೆಕೆಂಡಾದರೂ ಸದ್ದಿಲ್ಲವೋ, ಮುಂದಿನ ಮನೆಗೆ ನಡೆ.
ಬಾತಿಯದಕ್ಕೆ ಮಾತ್ರ ಇಪ್ಪತ್ತು.
ಆಮೇಲೆ ಆ ನೆಟ್ಟಗಿನ ಗೆರೆ.
ಶಾಲೆಯಲ್ಲಿ ಹಳೆಯ ಪದ್ಯದ ಪಾದ ಮುಗಿದಲ್ಲಿ
ಅದೇ ಗೆರೆ ನಿಂತಿರುತ್ತಿತ್ತು, ಮೇಷ್ಟ್ರು ಉಸಿರೆಳೆದುಕೊಳ್ಳಲಿಕ್ಕೆ.
ಇಲ್ಲಿ ಅದು ಜರಡಿಯ ಚೌಕಟ್ಟು:
ಅದರಾಚೆ ‘ಡೌನ್’ ಎಂದು ಬರೆದರೆ
ಸತ್ತ ಕೊಂಡಿಗಳಷ್ಟೇ ಮೇಲುಳಿಯುತ್ತವೆ.

ಮೂರು ಸಾವಿರ ಸಾಲು ನಾಲ್ಕಾಯಿತು.
ಕೊನೆಯ ಅಂಕಣ ಉದ್ದ, ಸಾಲು ಮುರಿಯುತ್ತಿತ್ತು,
ಅದನ್ನೂ ಕತ್ತರಿಸಿದೆ.
ಓನರ್ ರುದ್ರಮುನಿ ಮೊಬೈಲಲ್ಲಿ ನೋಡಿ
‘ಇಷ್ಟಕ್ಕೇನಾ ನಿನಗೆ ಸಂಬಳ?’ ಅಂದರು, ನಗುತ್ತಲೇ.

ಗುರುವಾರ ರಾತ್ರಿ: ವಿನೋಬನಗರ, ಪೋರ್ಟು ಹದಿನೇಳು, ಡೌನ್.
ಹೊಸ ಹುಡುಗ ಜಬೀವುಲ್ಲಾ ಏಣಿ ಹೊತ್ತು ಹೋದ.
ಮುಕ್ಕಾಲು ಗಂಟೆಗೆ ಫೋನು, ಆಸ್ಪತ್ರೆಯಿಂದ:
ಮೀನಖಂಡಕ್ಕೆ ನಾಲ್ಕು ಹಲ್ಲು.

ಕತ್ತರಿಸಿದ ಅಂಕಣ ತೆರೆದು ನೋಡಿದೆ.
ಕೆಲಸ ಬಿಟ್ಟು ಹರಿಹರ ಸೇರಿದ ಹಾಲೇಶಣ್ಣ
ಪೋರ್ಟು ಪೋರ್ಟಿನ ಎದುರು
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿಟ್ಟಿದ್ದ:
ಬೇವಿನ ಮರದ ಕಂಬ. ಕರಿ ನಾಯಿ. ಬಿಸ್ಕತ್ತು ಒಯ್ಯಿ.
ಕಂಬ ಅಲ್ಲಾಡ್ತೈತಿ, ಎಡಗಡೆಯಿಂದ ಹತ್ತು.
ಸಂಜಿ ಆರಕ್ಕೆ ಸತ್ತರೆ ಗಾಬರಿ ಬ್ಯಾಡ, ಅಜ್ಜಿ ಪ್ಲಗ್ ಕಿತ್ತಿರ್ತಾಳೆ.
ಬಾಣಂತಿ ಮನಿ, ಬೆಲ್ ಒತ್ತಬ್ಯಾಡ.
ಆ ಕೂಸಿಗೀಗ ಐದು ವರ್ಷ ಇದ್ದೀತು,
ರೌಟರಿನಲ್ಲಿ ಇನ್ನೂ ತೊಟ್ಟಿಲಲ್ಲೇ ಇದೆ.

ನಸುಕಿನಲ್ಲಿ ಕೆಳಗಿಳಿದರೆ ಭಟ್ಟಿ ಹೊತ್ತಿತ್ತು.
ಶಮ್ಶಾದ್‌ಬೀ ಕಾದ ಮರಳಿಗೆ ಅಕ್ಕಿ ಸುರಿದಳು,
ಚಟಪಟ ಅಂದು ಅರಳಿತು,
ಎಲ್ಲವನ್ನೂ ಬಾಚಿ ಜರಡಿಗೆ,
ಎರಡು ಕುಲುಕು: ಮಂಡಕ್ಕಿ ಮೇಲೆ, ಮರಳು ಕೆಳಗೆ.
ನಾನು ಜರಡಿಯನ್ನೇ ನೋಡುತ್ತಿದ್ದೆ, ಕಸುಬಿನವಳ ಕಣ್ಣಲ್ಲಿ.
ಅವಳು ಕೆಳಗೆ ಬಿದ್ದದ್ದನ್ನು ಬಳಿದು
ವಾಪಸು ಬಾಣಲೆಗೇ ಹಾಕಿದಳು.
‘ಚೆಲ್ಲಲ್ವಾ ಅದನ್ನ?’
‘ಏ, ಪಳಗಿದ ಮರಳು ಇದು. ಚೆಲ್ಲಿದ್ರೆ
ನಾಳಿ ಅಕ್ಕಿ ಎದರಾಗ ಅರಳಬೇಕು?’

ಮೆಟ್ಟಿಲು ಹತ್ತಿ ಒಂದು ಸಾಲು ಸೇರಿಸಿದೆ.
ಪರದೆಗೆ ನಾಲ್ಕೇ ಸಾಲು;
ಮಿಕ್ಕದ್ದೆಲ್ಲ ತಾರೀಖಿನ ಹೆಸರಲ್ಲೊಂದು ಕಡತಕ್ಕೆ.
ಕೊನೆಯ ಅಂಕಣ, ಸಾಲು ಮುರಿದರೆ ಮುರಿಯಲಿ, ಇರಲಿ.
ಮರಳು ಮರಳಿತು.

ಮೂರನೇ ಇಂಜೆಕ್ಷನ್ನು ಮುಗಿಸಿ ಬಂದ ಜಬೀವುಲ್ಲಾ
ಕುಂಟುತ್ತ ಬಂದು ನನ್ನ ಕುರ್ಚಿಯಲ್ಲೇ ಕೂತು
ಪೋರ್ಟು ಹದಿನೇಳರ ಎದುರು ಒಂದೇ ಬೆರಳಲ್ಲಿ ಒತ್ತಿದ:
ನಾಯಿ ಇನ್ನೂ ಐತಿ. ಬಿಸ್ಕತ್ತು ಮೂಸಲ್ಲ.
ಮಂಡಕ್ಕಿ ತಿಂತೈತಿ.